ವೃತ್ತಿ ಸಲಹೆ: ರೈತರ ಕಂಪನಿಗೆ ಸಿಇಒ ಆಗಿ ಹೋಗಲೇ?

ಪ್ರಶ್ನೆ: ಬಿ.ಕಾಂ. ಮುಗಿಸಿ ಆಡಿಟರ್ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ರೈತರೇ ಷೇರು ಹಾಕಿ ಕಟ್ಟಿಕೊಂಡ ನಮ್ಮ ಭಾಗದ ರೈತ ಉತ್ಪಾದಕ ಕಂಪನಿಯವರು ಸಿಇಒ ಕೆಲಸಕ್ಕೆ ಕರೆಯುತ್ತಿದ್ದಾರೆ. ಸಂಬಳ ತಿಂಗಳಿಗೆ 25,000 ರೂಪಾಯಿ. ಕಂಪನಿ ಶುರುವಾಗಿ ಎರಡು ವರ್ಷವಾಗಿದೆ, ತೊಗರಿ ವ್ಯಾಪಾರ ಮಾಡುತ್ತದೆ. ಹೋಗಲೇ?
– ಓದುಗರು, ಲಿಂಗಸುಗೂರು

ಉತ್ತರ: ಹೋಗಬಹುದು. ಆದರೆ ಆ ಸಂಬಳ ಎಲ್ಲಿಂದ ಬರುತ್ತದೆಂದು ಮೊದಲು ಕೇಳಿ. 2020ರ ಕೇಂದ್ರ ಯೋಜನೆಯಡಿ ಕಟ್ಟಿದ ಕಂಪನಿಗೆ ನಿರ್ವಹಣೆ ಖರ್ಚಿಗೆಂದು ಮೂರು ವರ್ಷಕ್ಕೆ ಹೆಚ್ಚೆಂದರೆ 18 ಲಕ್ಷ ರೂಪಾಯಿ ಸಿಗುತ್ತದೆ, ಸಿಇಒ ಸಂಬಳವೂ ಅದರಲ್ಲೇ. ನಿಮ್ಮದು ಅಂಥ ಕಂಪನಿಯಾದರೆ ಇನ್ನುಳಿದಿರುವುದು ಒಂದೇ ವರ್ಷ. ಆಮೇಲೆ ನಿಮ್ಮ 25,000, ಲೆಕ್ಕಿಗರ 10,000 ಸೇರಿ ವರ್ಷಕ್ಕೆ 4.2 ಲಕ್ಷವನ್ನು ವ್ಯಾಪಾರದಲ್ಲೇ ದುಡಿಯಬೇಕು. ಕ್ವಿಂಟಲ್ ತೊಗರಿಗೆ 100 ರೂಪಾಯಿ ಉಳಿದರೂ 4,200 ಕ್ವಿಂಟಲ್ ಮಾರಬೇಕಾಗುತ್ತದೆ. ಕ್ವಿಂಟಲ್ ದರ 7,000, ಸದಸ್ಯರ ಷೇರು ಹಣ 5 ಲಕ್ಷ ಎಂದು ಹಿಡಿದರೆ, ಆ ಹಣಕ್ಕೆ ಒಂದು ಸಲಕ್ಕೆ ಬರುವುದು 71 ಕ್ವಿಂಟಲ್. ಸುಗ್ಗಿಯ ಎರಡು ಮೂರು ತಿಂಗಳಲ್ಲಿ ಆ ದುಡ್ಡನ್ನು ಅರವತ್ತು ಸಲ ತಿರುಗಿಸುವುದು ಯಾರ ಕೈಯಲ್ಲೂ ಆಗದು. ಆದ್ದರಿಂದ ಮುಂಗಾರಿಗೆ ಮೊದಲೇ ಬೀಜ, ಗೊಬ್ಬರದ ಅಂಗಡಿ ತೆರೆಯಲು ನಿರ್ದೇಶಕರು ಒಪ್ಪಿದರಷ್ಟೇ ಸೇರಿ ಎನ್ನುವುದು ನಮ್ಮ ಸಲಹೆ. ಅಲ್ಲಿ ಕೀಟನಾಶಕವನ್ನೂ ಮಾರುವುದಾದರೆ ಅದರ ಪರವಾನಗಿಗೆ ನಿಮ್ಮ ಬಿ.ಕಾಂ. ಸಾಲದು. ಬೀಜ, ಗೊಬ್ಬರ, ಕೀಟನಾಶಕ ಮಾರುವವರಿಗೆಂದೇ ಇರುವ ಒಂದು ವರ್ಷದ ‘ದೇಸಿ’ ಡಿಪ್ಲೊಮಾ ಮಾಡಿಕೊಳ್ಳಿ, ಇಲ್ಲವೇ ಕೃಷಿ ಓದಿದವರೊಬ್ಬರನ್ನು ಇಟ್ಟುಕೊಳ್ಳಿ.

ಹಣ ಸೋರುವುದು ತೂಕದ ಹತ್ತಿರ. ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಯ ತೇವಾಂಶ ಶೇ 12 ಮೀರುವಂತಿಲ್ಲ. ಶೇ 14 ಇರುವ ಒಂದು ಕ್ವಿಂಟಲ್ ಕೊಂಡರೆ, ಒಣಗಿ ಶೇ 12ಕ್ಕೆ ಬರುವಷ್ಟರಲ್ಲಿ 97.7 ಕೆಜಿಯಾಗಿರುತ್ತದೆ. ಅಲ್ಲಿಗೆ 160 ರೂಪಾಯಿ ಹೋಯಿತು. ಚೀಲ, ಹಮಾಲಿ ಖರ್ಚು ಬೇರೆ. ಚೀಲದ ಬಾಯಿ, ನಡು, ತಳ ಮೂರೂ ಕಡೆಯಿಂದ ಕಾಳು ತೆಗೆದು, ರೈತರೆದುರೇ ತೇವಾಂಶದ ಮೀಟರ್‌ನಲ್ಲಿ ನೋಡಿ, ಚೀಟಿಯಲ್ಲಿ ಬರೆದುಕೊಡಿ. ನಿರ್ದೇಶಕರ ಮಾಲಿಗೂ ಇದೇ ಕ್ರಮ. ಅವರಿಗೆ ಕಣ್ಣು ಮುಚ್ಚಿದರೆ ಉಳಿದ ಸದಸ್ಯರು ಮರುವರ್ಷ ತಮ್ಮ ಮಾಲನ್ನು ಅಡತಿ ಅಂಗಡಿಗೇ ಒಯ್ಯುತ್ತಾರೆ, ಅದು ನ್ಯಾಯವೂ ಹೌದು.

ಆಡಿಟರ್ ಕಚೇರಿಯ ಅನುಭವ ನಿಮ್ಮ ದೊಡ್ಡ ಬಲ. ಒಪ್ಪಿಕೊಳ್ಳುವ ಮುನ್ನ ಷೇರು ಪುಸ್ತಕವನ್ನು ಬ್ಯಾಂಕ್ ಲೆಕ್ಕಕ್ಕೆ ತಾಳೆ ನೋಡಿ. ಕಂಪನಿ ನೋಂದಣಿ ಕಚೇರಿಗೆ ಪ್ರತಿವರ್ಷ ಕೊಡಬೇಕಾದ ಎಒಸಿ-4 (ಹಣಕಾಸು ಲೆಕ್ಕ), ಎಂಜಿಟಿ-7 (ವಾರ್ಷಿಕ ವಿವರ) ನಮೂನೆಗಳನ್ನು ಸಲ್ಲಿಸಿದ್ದಾರೆಯೇ ಕೇಳಿ. ಗಡುವು ಮೀರಿದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡೂ ಒಂದು ವರ್ಷ ತಡವಾದರೆ 73,000 ರೂಪಾಯಿ. ನೀವು ಬರುವ ಮುಂಚಿನ ಬಾಕಿ ಎಷ್ಟೆಂಬುದನ್ನು ಆಡಳಿತ ಮಂಡಳಿಯ ನಡಾವಳಿಯಲ್ಲಿ ಬರೆಸಿ ಸೇರಿಕೊಳ್ಳಿ.

ಪ್ರಶ್ನೆ: ನಾವು ಹನ್ನೆರಡು ಮಂದಿ ಲಂಬಾಣಿ ಕಸೂತಿ ಮಾಡುತ್ತೇವೆ. ಉತ್ಪಾದಕ ಕಂಪನಿ ಮಾಡಿಕೊಳ್ಳಬಹುದೇ?
– ಓದುಗರು, ಸಂಡೂರು

ಉತ್ತರ: ಕಾನೂನಿನಲ್ಲಿ ಅಡ್ಡಿಯಿಲ್ಲ. ಹತ್ತು ಮಂದಿ ಉತ್ಪಾದಕರು, ಐವರು ನಿರ್ದೇಶಕರು ಇದ್ದರೆ ಸಾಕು. ಕರಕುಶಲ ವಸ್ತುವೂ ಉತ್ಪನ್ನವೇ. ಆದರೆ ಪೂರ್ಣಾವಧಿ ಸಿಇಒ, ವರ್ಷಕ್ಕೆ ನಾಲ್ಕು ಮಂಡಳಿ ಸಭೆ, ಆಡಿಟ್ ಇವೆಲ್ಲ ಕಡ್ಡಾಯ. ಹನ್ನೆರಡು ಮಂದಿಯ ದುಡಿಮೆ ಆ ಖರ್ಚನ್ನು ತಾಳದು. ಸದ್ಯ ಸ್ವಸಹಾಯ ಸಂಘವಾಗಿದ್ದರೆ ಸಾಕು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ. ಅದರ ಅಧಿಕೃತ ಬಳಕೆದಾರರಾಗಿ, ಅಂದರೆ ಆ ಗುರುತು ಹಾಕಿ ಮಾರುವ ಹಕ್ಕುಳ್ಳವರಾಗಿ, ಹೆಸರು ನೋಂದಾಯಿಸಿಕೊಳ್ಳುವ ಕೆಲಸವನ್ನು ಮೊದಲು ಮಾಡಿ. ದರ ಕಟ್ಟುವಾಗ ಬಟ್ಟೆ, ದಾರ, ಕನ್ನಡಿಗಳ ಜೊತೆಗೆ ಹೊಲಿದ ಗಂಟೆಗಳ ಕೂಲಿಯನ್ನೂ ಸೇರಿಸಿ.