ಮಳೆಯಾಶ್ರಿತ ಹೊಲದಲ್ಲಿ ನೆಟ್ಟ ಹೆಬ್ಬೇವು, ಹೊಂಗೆ ಸಸಿಗಳಿಗೆ ಮೊದಲ ವರ್ಷ ಎಷ್ಟು ಯೂರಿಯಾ ಹಾಕಬೇಕು? ಡ್ರಿಪ್ (ಹನಿ ನೀರಾವರಿ) ಇಲ್ಲ, ಬರ ಬರುವಷ್ಟರಲ್ಲಿ ಗಿಡ ಎದೆಯೆತ್ತರ ಆದರೆ ಉಳಿದುಕೊಳ್ಳುತ್ತದೆ ಅಂತ ನನ್ನ ಲೆಕ್ಕ.

ಹಾಕಲೇಬೇಡಿ. ಎದೆಯೆತ್ತರ ಆದರೆ ಉಳಿದುಕೊಳ್ಳುತ್ತದೆ ಅಂತ ಬರೆದಿದ್ದೀರಿ. 2023ರಲ್ಲಿ ನಾನೂ ಅದೇ ಲೆಕ್ಕ ಹಾಕಿದ್ದೆ.

ನಮ್ಮದು ಚಳ್ಳಕೆರೆ ಕಡೆಯ ಕೆಂಪು ಭೂಮಿ, ಬೋರ್ ಇಲ್ಲ. ಆ ವರ್ಷ ಜುಲೈ ಕೊನೆಯ ಪುಷ್ಯ ಮಳೆ ಹದವಾಗಿ ಬಂತು. ಹೊಲಕ್ಕೆ ಹೆಬ್ಬೇವು, ಬದುವಿಗೆ ಹೊಂಗೆ ನೆಟ್ಟೆ. ಹೆಬ್ಬೇವು ಚಿಗುರುತ್ತಿದ್ದಂತೆ ಬುಡಕ್ಕೆ ಯೂರಿಯಾ ಕೊಟ್ಟೆ. ಗಿಡ ನೋಡನೋಡುತ್ತ ಎದ್ದವು, ಎಲೆ ಕಡುಹಸಿರು. ಆಮೇಲೆ ಆಗಸ್ಟಿನ ಆಶ್ಲೇಷ, ಮಘೆ ಮಳೆ ಎರಡೂ ಕೈಕೊಟ್ಟವು. 1901ರಿಂದ ಇರುವ ದಾಖಲೆಯಲ್ಲಿ ದೇಶಕ್ಕೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಅದು.

ಕೆಳಗಿನ ಎಲೆ ಹಳದಿ ತಿರುಗಿದವು. ಗೊಬ್ಬರ ಸಾಲದಾಗಿದೆ ಅಂದುಕೊಂಡು ಇನ್ನೊಂದು ಹಿಡಿ ಯೂರಿಯಾ ಹಾಕಿ, ಮೇಲೆ ಒಂದು ಚೊಂಬು ನೀರು ಚಿಮುಕಿಸಿದೆ. ಕೆಟ್ಟದ್ದು ಅಲ್ಲೇ. ಆ ಹಳದಿ ಬಾಯಾರಿಕೆಯದು, ಹಸಿವಿನದಲ್ಲ. ಮಣ್ಣಲ್ಲಿ ನೀರಿಲ್ಲದಿದ್ದರೆ ಗೊಬ್ಬರ ಎಷ್ಟಿದ್ದರೂ ಬೇರು ಎಳೆದುಕೊಳ್ಳಲಾರದು, ಅದು ಒಳಗೆ ಹೋಗುವುದೇ ನೀರಿನ ಜೊತೆ. ಇಷ್ಟೇ ಇಷ್ಟು ತೇವದಲ್ಲಿ ಗೊಬ್ಬರ ಕರಗಿದರೆ ಉಪ್ಪಿನಂಶ ಏರಿ, ಇದ್ದ ನೀರೂ ಬೇರಿಗೆ ದಕ್ಕುವುದಿಲ್ಲ, ಎಳೆ ಬೇರಿನ ತುದಿ ಸುಡುತ್ತದೆ. ಮೊದಲ ಹಿಡಿಯೇ ಅರ್ಧ ಕೆಲಸ ಮುಗಿಸಿತ್ತು. ಯೂರಿಯಾದಲ್ಲಿ ಶೇ. 46 ಸಾರಜನಕ. ಅದು ಸಿಕ್ಕ ಸಸಿ ಎಲೆ, ಕಾಂಡಕ್ಕೆ ಬಲ ಹಾಕುತ್ತದೆ, ಬೇರಿಗೆ ಅಷ್ಟಿಲ್ಲ. ಎಲೆ ಹೆಚ್ಚಿದಷ್ಟೂ ಆವಿಯಾಗುವ ನೀರು ಹೆಚ್ಚು. ಸತ್ತ ಗಿಡ ಕಿತ್ತು ನೋಡಿದರೆ ಬೇರು ಇನ್ನೂ ನರ್ಸರಿ ಚೀಲದ ಆಕಾರದಲ್ಲೇ ಇತ್ತು.

ಬದುವಿನ ಹೊಂಗೆ ಉಳಿದದ್ದು ದೊಡ್ಡ ಮಾತಲ್ಲ, ಅದು ಬರ ತಡೆಯುವ ಜಾತಿ. ಆದರೆ ಚೀಲ ಖಾಲಿಯಾಗಿ ಯೂರಿಯಾ ಸಿಗದ ಕೊನೆಯ ಸಾಲಿನ ಹೆಬ್ಬೇವು ಮೊಣಕಾಲೆತ್ತರವೇ ಇದ್ದರೂ ಬಹುಪಾಲು ಬದುಕಿದವು.

ಎತ್ತರದ ಆಸೆ ಬಿಡಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲೂ ದುಡ್ಡು ಕೊಡುವುದು ಬದುಕಿದ ಸಸಿ ಎಣಿಸಿ, ಎತ್ತರ ಅಳೆದಲ್ಲ. ನರ್ಸರಿಯಲ್ಲಿ ಕಡುಹಸಿರಾಗಿ ಸಣಕಲು ಬೆಳೆದದ್ದನ್ನು ಬಿಟ್ಟು, ಗಿಡ್ಡಗಿದ್ದರೂ ಬುಡ ದಪ್ಪಗಿರುವ ಸಸಿ ಆರಿಸಿ. ಗುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಸೂಪರ್ ಫಾಸ್ಫೇಟ್ (ರಂಜಕದ ಗೊಬ್ಬರ) ಸಾಕು. ಪಾತಿಗೆ ಒಣಹುಲ್ಲು ಹೊದಿಸಿ. ದಿನಾ ಚೊಂಬು ನೀರು ಹಾಕುವ ಬದಲು ವಾರಕ್ಕೊಮ್ಮೆ ಕೊಡಗಟ್ಟಲೆ ಹಾಕಿ, ಆಗ ನೀರಿನ ಹಿಂದೆಯೇ ಬೇರೂ ಕೆಳಗಿಳಿಯುತ್ತದೆ. ಹೊಂಗೆಗಂತೂ ಯೂರಿಯಾ ಬೇಡವೇ ಬೇಡ, ಅದರ ಬೇರುಗಂಟುಗಳೇ ಗಾಳಿಯ ಸಾರಜನಕ ಹಿಡಿಯುತ್ತವೆ.

ಡ್ರಿಪ್ ಇದ್ದವರ ಮಾತು ಬೇರೆ. ನಿಮಗದು ಇಲ್ಲ ಅಂದಿದ್ದೀರಿ. ಹೆಬ್ಬೇವಿಗೆ ಕೊಡಲೇಬೇಕೆಂದರೆ ಎರಡನೇ ವರ್ಷ, ಮಳೆ ಮಣ್ಣಲ್ಲಿ ಒಂದು ಗೇಣು ಇಳಿದಿದ್ದರೆ ಮಾತ್ರ, ಬುಡದಿಂದ ಮೊಳ ದೂರ ಉಂಗುರ ತೋಡಿ ಸ್ವಲ್ಪವೇ ಹಾಕಿ ಮಣ್ಣು ಮುಚ್ಚಿ. ಸೆಪ್ಟೆಂಬರ್ ಮಧ್ಯಕ್ಕೆ ಹುಬ್ಬೆ ಮಳೆ ದಾಟಿದ ಮೇಲೆ ಅದೂ ಬೇಡ.