ಬಾಡಿಗೆದಾರರ ನಾಯಿ ಕಚ್ಚಿದರೆ ಮನೆ ಮಾಲೀಕರೂ ಹೊಣೆಯೇ?

ಓದುಗರ ಪ್ರಶ್ನೆಗೆ ವಕೀಲರ ಉತ್ತರ

ಪ್ರಶ್ನೆ: ಮೈಸೂರಿನ ರಾಮಕೃಷ್ಣನಗರದಲ್ಲಿ ನಮ್ಮದೊಂದು ಎರಡಂತಸ್ತಿನ ಮನೆ ಇದೆ. ನಾವು ಮೇಲಿದ್ದೇವೆ, ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಬಾಡಿಗೆ 16,000, ಅಡ್ವಾನ್ಸ್ ಒಂದು ಲಕ್ಷ. 11 ತಿಂಗಳ ಕರಾರು ಮುಗಿದು ಮೂರು ತಿಂಗಳಾಯಿತು, ಹೊಸದು ಮಾಡಿಸಿಲ್ಲ. ಅವರು ಬಂದಾಗ ನಾಯಿ ಇರಲಿಲ್ಲ, ಆಮೇಲೆ ರಾಟ್‌ವೀಲರ್ ತಂದರು. ಕರಾರಿನಲ್ಲಿ ನಾಯಿಯ ಮಾತೇ ಇಲ್ಲ. ಎರಡು ತಿಂಗಳ ಹಿಂದೆ ಅದು ಗ್ಯಾಸ್ ಸಿಲಿಂಡರ್ ತಂದ ಹುಡುಗನ ಕೈ ಕಚ್ಚಿತು. ಇಂಜೆಕ್ಷನ್‌ಗೆ ದುಡ್ಡು ಕೊಟ್ಟು ಕಳಿಸಿದರು. ಹೋದ ವಾರ ಗೇಟ್ ತೆಗೆದಿದ್ದಾಗ ಪಕ್ಕದ ಮನೆ ಹುಡುಗಿ ಮೇಲೆ ಎಗರಿ ಬೀಳಿಸಿತು. ಮಂಡಿ ತರಚಿದೆ. ಅವಳ ಅಪ್ಪ, ‘ಮನೆ ನಿಮ್ಮದು, ಕೇಸ್ ನಿಮ್ಮ ಮೇಲೂ ಹಾಕ್ತೀನಿ’ ಎಂದಿದ್ದಾರೆ. ಅಮೆರಿಕದಲ್ಲಿ ಓನರ್ ಮೇಲೂ ಕೇಸ್ ಆಗುತ್ತೆ ಅಂತ ನನ್ನ ಮಗ ಎಲ್ಲೋ ಓದಿದ್ದಾನೆ. ಬಾಡಿಗೆಯವರನ್ನು ಕೇಳಿದರೆ ‘ಅದು ಏನೂ ಮಾಡಲ್ಲ ಆಂಟಿ’ ಅನ್ನುತ್ತಾರೆ. ನಮ್ಮ ಯಜಮಾನರು ನೀರು ನಿಲ್ಲಿಸಿಬಿಡೋಣ, ತಾವಾಗೇ ಹೋಗ್ತಾರೆ ಅನ್ನುತ್ತಿದ್ದಾರೆ. ಏನು ಮಾಡಲಿ?

— ಗೃಹಿಣಿ, ಮೈಸೂರು

ಉತ್ತರ: ಮೊದಲು ಆ ಮಗುವಿನ ವಿಷಯ. ತರಚಿದ್ದು ನೆಲಕ್ಕೆ ಬಿದ್ದಾಗಲೋ, ನಾಯಿಯ ಉಗುರು ಅಥವಾ ಹಲ್ಲು ತಾಗಿಯೋ? ಅನುಮಾನ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಲು ಅವರ ಮನೆಯವರಿಗೆ ಹೇಳಿ. ರೇಬಿಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಚ್ಚಿದ ಅಥವಾ ಪರಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ ಹಚ್ಚುವುದು ಬೇಡ. ಗ್ಯಾಸ್ ಹುಡುಗ ಎಲ್ಲ ಡೋಸ್ ಮುಗಿಸಿದನಾ ಅಂತಲೂ ವಿಚಾರಿಸಿ. ಒಂದೇ ಇಂಜೆಕ್ಷನ್ ತಗೊಂಡು ಸುಮ್ಮನಾಗುವವರು ಬಹಳ ಜನ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಬಾಡಿಗೆಯವರಿಂದ ನಾಯಿಯ ಲಸಿಕೆ ಕಾರ್ಡ್ ಕೇಳಿ, ಫೋಟೋ ತೆಗೆದಿಟ್ಟುಕೊಳ್ಳಿ. ಸಾಕುನಾಯಿಗೆ ಲಸಿಕೆ ಹಾಕಿಸುವುದು ಸಾಕಿದವರದೇ ಹೊಣೆ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಹೇಳುತ್ತವೆ.

ಇನ್ನು ಹೊಣೆಯ ಮಾತು. ನಾಯಿ ಸಾಕಿದವರು ಮೊದಲ ಹೊಣೆಗಾರರು. ಅದರಲ್ಲಿ ಎರಡು ಮಾತಿಲ್ಲ. ಹಳೇ ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದಕ್ಕೇ ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಪ್ರಾಣಕ್ಕೆ ಅಪಾಯ ಅಥವಾ ದೊಡ್ಡ ಗಾಯ ಆಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದರಲ್ಲಿ ‘ತನ್ನ ವಶದಲ್ಲಿರುವ’ ಅನ್ನುವುದನ್ನು ಗಮನಿಸಿ. ನಾಯಿ ನಿಮ್ಮ ವಶದಲ್ಲಿಲ್ಲ. ಹಾಗಾಗಿ ‘ಮನೆ ನಿಮ್ಮದು’ ಅನ್ನುವ ಒಂದೇ ಕಾರಣಕ್ಕೆ ಈ ಕಲಂ ನಿಮಗೆ ತಾಗುವುದಿಲ್ಲ.

ಆದರೆ ಒಂದು ಎಚ್ಚರಿಕೆ. ದಸರಾಕ್ಕೋ ಯುಗಾದಿಗೋ ಬಾಡಿಗೆಯವರು ಊರಿಗೆ ಹೋಗುವಾಗ ‘ಎರಡು ದಿನ ಊಟ ಹಾಕಿ ಆಂಟಿ’ ಅಂತ ಕೀ ಕೊಟ್ಟು ಹೋಗುತ್ತಾರೆ ನೋಡಿ, ಆಗ ನಾಯಿ ನಿಮ್ಮ ಕೈಗೆ ಬಂದ ಹಾಗೆ. ಆ ಎರಡು ದಿನದಲ್ಲಿ ಏನಾದರೂ ಆದರೆ ನೀವೂ ಉತ್ತರ ಕೊಡಬೇಕಾದೀತು. ಎಷ್ಟೇ ಸ್ನೇಹ ಇದ್ದರೂ ಈ ನಾಯಿಯ ವಿಷಯದಲ್ಲಿ ಆ ಉಪಕಾರ ಬೇಡ.

ಕ್ರಿಮಿನಲ್ ಕೇಸ್ ಒಂದು ಕಡೆ ಇರಲಿ, ಪರಿಹಾರ ಕೇಳುವ ಸಿವಿಲ್ ದಾವೆ ಬೇರೆ. ಬಾಡಿಗೆದಾರರ ನಾಯಿಗೆ ಮಾಲೀಕರು ತಾನಾಗಿಯೇ ಹೊಣೆ ಎನ್ನುವ ಕಾಯ್ದೆ ನಮ್ಮಲ್ಲಿಲ್ಲ. ಅಲ್ಲಿ ನಡೆಯುವುದು ನಿರ್ಲಕ್ಷ್ಯದ ಸಾಮಾನ್ಯ ತತ್ವ. ಅಪಾಯ ಗೊತ್ತಿತ್ತಾ? ತಡೆಯುವುದು ನಿಮ್ಮ ಕೈಯಲ್ಲಿತ್ತಾ? ಆದರೂ ಸುಮ್ಮನಿದ್ದಿರಾ? ಎದುರು ಪಕ್ಷದ ವಕೀಲರು ಕೇಳುವುದು ಈ ಮೂರನ್ನೇ. ನಿಮ್ಮ ಮಗ ಓದಿರುವುದೂ ಬಹುಶಃ ಇದೇ ಬಗೆಯದು. ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟ್ 1975ರಲ್ಲೇ ಹೀಗೆ ಹೇಳಿದೆ: ನಾಯಿ ಅಪಾಯಕಾರಿ ಎಂದು ಮಾಲೀಕನಿಗೆ ನಿಜವಾಗಿಯೂ ಗೊತ್ತಿದ್ದು, ಬಾಡಿಗೆ ಮುಗಿಸಿ ಅದನ್ನು ಹೊರಗೆ ಕಳಿಸುವ ಅಧಿಕಾರವೂ ಇದ್ದರೆ, ಅವನಿಗೂ ಎಚ್ಚರ ವಹಿಸುವ ಕರ್ತವ್ಯ ಇದೆ. ಆ ತೀರ್ಪು ಮೈಸೂರಿನ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದರೆ ವಾದ ಇಲ್ಲಿಯೂ ಅದೇ ದಾರಿಯಲ್ಲಿ ಹೋಗುತ್ತದೆ.

ನಿಮ್ಮ ಕಷ್ಟ ಇರುವುದು ಇಲ್ಲೇ. ಗ್ಯಾಸ್ ಹುಡುಗನನ್ನು ಕಚ್ಚುವ ತನಕ ‘ನಮಗೆ ಗೊತ್ತಿರಲಿಲ್ಲ’ ಅನ್ನಬಹುದಿತ್ತು. ಈಗ ಆಗಲ್ಲ. ಎರಡು ಘಟನೆ ಆಗಿವೆ, ಎರಡೂ ನಿಮಗೆ ಗೊತ್ತು. ಜೊತೆಗೆ ನಮ್ಮೂರಿನ ಮನೆಗಳ ರಚನೆ ನೋಡಿ. ಮೇಲಿನ ಮನೆಗೆ ಮೆಟ್ಟಿಲು ಸಾಮಾನ್ಯವಾಗಿ ಕಾಂಪೌಂಡ್ ಒಳಗಿನಿಂದಲೇ. ಕರೆಂಟ್ ಮೀಟರು, ಸಂಪು, ಬೈಕ್ ನಿಲ್ಲಿಸುವ ಜಾಗ ಎಲ್ಲ ಗೇಟ್ ಒಳಗೆ. ಹಾಲಿನವರು, ಕೊರಿಯರ್‌ನವರು, ಮೀಟರ್ ಓದುವವರು, ನಿಮ್ಮನ್ನು ನೋಡಲು ಬರುವ ನೆಂಟರು, ಎಲ್ಲರೂ ಅಲ್ಲೇ ದಾಟಬೇಕು. ಆ ಜಾಗವನ್ನು ನೀವು ಕೆಳಗಿನವರಿಗೇ ಪೂರ್ತಿ ಬಿಟ್ಟುಕೊಟ್ಟಿಲ್ಲ, ಇಬ್ಬರಿಗೂ ಸೇರಿದ್ದು. ಅಲ್ಲಿ ನಾಯಿ ಬಿಟ್ಟಿರಲು ನೀವು ಒಪ್ಪಿದ ಹಾಗೆ ಕಾಣುವುದೇ ನಿಮಗೆ ಅಪಾಯ.

ಹಾಗಾಗಿ ಇವತ್ತೇ ಬರೆಯಿರಿ. ಬಾಯಿಮಾತು ಬೇಡ. ಬಾಡಿಗೆದಾರರಿಗೆ ಒಂದು ಪತ್ರ ಸಾಕು. ಎರಡೂ ಘಟನೆಯ ದಿನಾಂಕ ಹಾಕಿ. ನಾಯಿಯನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು, ಕಾಂಪೌಂಡ್‌ಗೆ ತರುವಾಗ ಗಟ್ಟಿ ಬೆಲ್ಟ್ ಮತ್ತು ಬಾಯಿಕುಕ್ಕೆ ಇರಬೇಕು, ದೊಡ್ಡವರೇ ಹಿಡಿದಿರಬೇಕು, ಲಸಿಕೆ ಕಾರ್ಡ್ ಪ್ರತಿ ಕೊಡಬೇಕು ಎಂದು ತಿಳಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಸ್ವೀಕೃತಿ ಸಿಗುವ ಹಾಗೆ ಅಂಚೆಯಲ್ಲೂ ಕಳಿಸಿ. ಇಡೀ ದಿನ ಕಟ್ಟಿಹಾಕಿ ಅಂತ ಮಾತ್ರ ಬರೆಯಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಹೊತ್ತುಗೊತ್ತಿಲ್ಲದೆ ಸರಪಳಿಯಲ್ಲಿ ಕಟ್ಟಿಹಾಕುವುದೂ ಅಪರಾಧವೇ. ಸದಾ ಕಟ್ಟಿಹಾಕಿದ ನಾಯಿ ಇನ್ನಷ್ಟು ಕೆರಳುತ್ತದೆ ಬೇರೆ.

ನಿಮ್ಮ ಕೈಯಲ್ಲೇ ಆಗುವ ಕೆಲಸವೂ ಇದೆ. ಗೇಟಿಗೆ ತಾನಾಗೇ ಮುಚ್ಚಿಕೊಳ್ಳುವ ಸ್ಪ್ರಿಂಗ್, ಒಳ್ಳೆಯ ಚಿಲಕ, ಹೊರಗಡೆಗೆ ಕಾಲಿಂಗ್ ಬೆಲ್ ಹಾಕಿಸಿ. ಮೆಟ್ಟಿಲಿಗೂ ಕೆಳಗಿನ ಮನೆ ಬಾಗಿಲಿಗೂ ನಡುವೆ ಒಂದು ಕಬ್ಬಿಣದ ಗ್ರಿಲ್ ಆದರೆ ಇನ್ನೂ ಒಳ್ಳೆಯದು. ‘ನಾಯಿ ಇದೆ ಎಚ್ಚರಿಕೆ’ ಬೋರ್ಡ್ ಹಾಕಿದರೆ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಬೋರ್ಡ್ ಇರಲಿ. ಆದರೆ ಓದಲು ಬಾರದ ಮಗುವಿಗೆ ಅದರಿಂದ ಏನು ಪ್ರಯೋಜನ? ಅಪಾಯ ನಿಮಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಅದೇ ಬೋರ್ಡ್ ಸಾಕ್ಷಿಯೂ ಆಗಬಹುದು.

ಇನ್ನು ಖಾಲಿ ಮಾಡಿಸುವುದು. ಇದು ನೀವು ಅಂದುಕೊಂಡಷ್ಟು ಕಷ್ಟ ಅಲ್ಲ, ಬೇಗ ಆಗುವ ಕೆಲಸವೂ ಅಲ್ಲ. 16,000 ಬಾಡಿಗೆಯ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ನಿಮಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ಕರಾರು ಮುಗಿದ ಮೇಲೂ ನೀವು ಬಾಡಿಗೆ ತಗೊಂಡಿದ್ದೀರಿ, ಹಾಗಾಗಿ ಈಗ ಅದು ತಿಂಗಳಿನಿಂದ ತಿಂಗಳಿಗೆ ನಡೆಯುವ ಬಾಡಿಗೆ. ಅದನ್ನು ಮುಗಿಸಲು 106ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್ ಸಾಕು. ಹಳೇ ಕರಾರಿನಲ್ಲಿ ಒಂದು ತಿಂಗಳೋ ಎರಡು ತಿಂಗಳೋ ನೋಟಿಸ್ ಅಂತ ಇದ್ದರೆ ಅಷ್ಟೇ ಕೊಡಿ, ಆಮೇಲೆ ವಾದಕ್ಕೆ ಎಡೆ ಇರುವುದಿಲ್ಲ. ಹೀಗೆ ಮುಗಿಸುವುದಕ್ಕೆ ನಾಯಿಯ ತಪ್ಪನ್ನು ಸಾಬೀತು ಮಾಡುವ ಅಗತ್ಯವೂ ಇಲ್ಲ.

ಇಲ್ಲಿ ಎಷ್ಟೋ ಮಾಲೀಕರು ಎಡವುವ ಜಾಗ ಒಂದಿದೆ. ನೋಟಿಸ್ ಅವಧಿ ಮುಗಿದ ಮೇಲೂ ಫೋನ್‌ಪೇಯಲ್ಲಿ ಬಾಡಿಗೆ ಬರುತ್ತಲೇ ಇರುತ್ತದೆ. ಇವರು ‘ಥ್ಯಾಂಕ್ಸ್’ ಅಂತ ಕಳಿಸಿ ಸುಮ್ಮನಿರುತ್ತಾರೆ. ನೋಟಿಸ್ ಕೈಬಿಟ್ಟಿದ್ದೀರಿ ಎಂದು ಎದುರಿನವರು 113ನೇ ಕಲಂ ತೋರಿಸಿ ವಾದಿಸುತ್ತಾರೆ. ಹಣ ಬಂದ ದಿನವೇ ‘ಇದು ಬಾಡಿಗೆ ಅಲ್ಲ, ಮನೆ ಬಿಡದೆ ಉಳಿದಿದ್ದಕ್ಕೆ ಪರಿಹಾರ ಎಂದು ಮಾತ್ರ ಪಡೆದಿದ್ದೇನೆ, ನನ್ನ ನೋಟಿಸ್ ಹಾಗೇ ಇದೆ’ ಎಂದು ಬರೆದು ಕಳಿಸಿ. ಅಷ್ಟಾದರೂ ಬಿಡದಿದ್ದರೆ ಸಿವಿಲ್ ಕೋರ್ಟ್ ದಾರಿ. ಅದಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೇ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೇಸಿಗೆ ಮುಂಚೆಯೇ ರಾಜಿ ಮಾತುಕತೆ ಮಾಡಿಸಬಹುದು. ಮಹಿಳೆಯರಿಗೆ ಅಲ್ಲಿ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅಡ್ವಾನ್ಸ್ ಪೂರ್ತಿ ವಾಪಸ್ ಕೊಡ್ತೀವಿ, ಒಂದು ತಿಂಗಳಲ್ಲಿ ಬಿಡಿ ಅಂದರೆ ಒಪ್ಪುವವರೇ ಜಾಸ್ತಿ. ನನ್ನ ಕೇಳಿದರೆ ನಿಮಗೆ ಕಡಿಮೆ ಖರ್ಚಿನ ದಾರಿ ಅದೇ.

ನೀರು ನಿಲ್ಲಿಸುವ ಯೋಚನೆ ಯಜಮಾನರ ತಲೆಯಿಂದ ತೆಗೆಸಿ. ಕರೆಂಟ್ ತೆಗೆಯುವುದು, ಬೀಗ ಹಾಕುವುದು ಯಾವುದನ್ನೂ ಕಾನೂನು ಒಪ್ಪುವುದಿಲ್ಲ. ನಾಳೆ ಅವರು ತಡೆಯಾಜ್ಞೆ ತಂದರೆ, ಇಲ್ಲಿಯತನಕ ನಿಮ್ಮ ಕಡೆ ಇದ್ದ ನ್ಯಾಯ ಅವರ ಕಡೆ ಹೋಗುತ್ತದೆ. ಹಾಗೆಯೇ ಬೀದಿಯಲ್ಲಿ ಯಾರಾದರೂ ‘ಊಟದಲ್ಲಿ ಏನಾದರೂ ಬೆರೆಸಿಬಿಡಿ’ ಅಂದರೆ ಅಲ್ಲೇ ಗದರಿಸಿ. ಪ್ರಾಣಿಗೆ ವಿಷ ಹಾಕುವುದಕ್ಕೆ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಐದು ವರ್ಷದವರೆಗೆ ಜೈಲು ಇದೆ.

‘ರಾಟ್‌ವೀಲರ್ ಬ್ಯಾನ್ ಆಗಿದೆ ಅಲ್ವಾ?’ ಎಂದು ಕೇಳುವವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್ ಅದನ್ನು ಏಪ್ರಿಲ್‌ನಲ್ಲೇ ರದ್ದು ಮಾಡಿತು. ಹಾಗಾಗಿ ನಿಮ್ಮ ಪತ್ರದಲ್ಲಿ ತಳಿಯ ಮಾತು ಎತ್ತಬೇಡಿ. ಈ ನಾಯಿ ಏನು ಮಾಡಿತು ಅನ್ನುವುದನ್ನಷ್ಟೇ ಬರೆಯಿರಿ. ಪತ್ರ ಕೊಟ್ಟ ಮೇಲೂ ಅದು ಮತ್ತೆ ಯಾರ ಮೇಲಾದರೂ ಎಗರಿದರೆ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ, ಅಪಾಯಕಾರಿ ಪ್ರಾಣಿಯನ್ನು ಕಟ್ಟುಪಾಡಿನಲ್ಲಿಡಲು ಅಥವಾ ಬೇರೆ ಕಡೆ ಸಾಗಿಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು.

ಪಕ್ಕದ ಮನೆಯವರ ಹತ್ತಿರ ಜಗಳಕ್ಕೆ ಹೋಗಬೇಡಿ. ನೀವು ಬಾಡಿಗೆದಾರರಿಗೆ ಬರೆದ ಪತ್ರದ ಪ್ರತಿಯನ್ನು ಅವರಿಗೂ ತೋರಿಸಿ.

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಔಟ್‌ಹೌಸ್ ಖಾಲಿ ಮಾಡಿದ ಹುಡುಗರು ಸಾಕಿದ ನಾಯಿಯನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ಫೋನ್ ಎತ್ತುತ್ತಿಲ್ಲ. ನಾಯಿ ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಅವರ ಅಡ್ವಾನ್ಸ್ ಇನ್ನೂ ನನ್ನ ಹತ್ತಿರವೇ ಇದೆ.

— ನಿವೃತ್ತ ನೌಕರರು, ಮಂಡ್ಯ

ಉತ್ತರ: ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅನ್ನುವುದು ಒಳ್ಳೆಯದಾಯಿತು. ಹಸಿವು, ಬಾಯಾರಿಕೆಗೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲದ ದಂಡ ಮಾತ್ರ 10ರಿಂದ 50 ರೂಪಾಯಿ, ಇವತ್ತಿನ ಒಂದು ಮಸಾಲೆ ದೋಸೆಗೂ ಸಾಲದು. ಆದ್ದರಿಂದ ಕೇಸಿಗಿಂತ ಅಡ್ವಾನ್ಸೇ ನಿಮ್ಮ ಬಲ. ‘ಇಷ್ಟು ದಿನದೊಳಗೆ ನಾಯಿ ತೆಗೆದುಕೊಂಡು ಹೋಗಿ, ಅಲ್ಲಿಯವರೆಗಿನ ಊಟ, ಡಾಕ್ಟರ್ ಖರ್ಚು ಅಡ್ವಾನ್ಸ್‌ನಲ್ಲಿ ಹಿಡಿಯುತ್ತೇನೆ’ ಎಂದು ಅವರ ಶಾಶ್ವತ ವಿಳಾಸಕ್ಕೆ ಬರೆಯಿರಿ. ವಿಳಾಸ ಕರಾರಿನಲ್ಲೋ ಆಧಾರ್ ಪ್ರತಿಯಲ್ಲೋ ಇರುತ್ತದೆ. ಖರ್ಚಿನ ಬಿಲ್ ಇಟ್ಟುಕೊಳ್ಳಿ.

ಅಲ್ಲಿಯತನಕ ದೂರದಿಂದಲೇ ನೀರು, ಅನ್ನ ಇಡಿ. ಔಟ್‌ಹೌಸ್ ಬಾಗಿಲು ಭದ್ರವಾಗಿರಲಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ನೀವೇ ಹಿಡಿಯಲು ಹೋಗಬೇಡಿ. ಪಶು ಆಸ್ಪತ್ರೆಗೂ ನಗರಸಭೆಗೂ ಲಿಖಿತವಾಗಿ ತಿಳಿಸಿ, ಹಿಡಿಯಲು ಬರುವವರ ಕೈಯಲ್ಲೇ ಲಸಿಕೆ ಹಾಕಿಸಿ. ಕಾರಿನಲ್ಲಿ ಹಾಕಿಕೊಂಡು ಹೋಗಿ ಹೈವೇ ಪಕ್ಕ ಬಿಟ್ಟು ಬರುವ ಯೋಚನೆ ಬೇಡ. ಆ ಹುಡುಗರ ಮೇಲಿರುವ ಅದೇ ಕಲಂ ಆಗ ನಿಮ್ಮ ಮೇಲೂ ಬರುತ್ತದೆ.