ಇತಿಹಾಸ ಓದಿದರೆ ಎಚ್.ಆರ್. ಕೆಲಸ ಸಿಗಲ್ವಾ?

ಪ್ರಶ್ನೆ: ನಾನು ಕುಕನೂರಿನವಳು. ಪಿಯುಸಿ ಆರ್ಟ್ಸ್ ಪಾಸಾಗಿದ್ದೇನೆ. ಇತಿಹಾಸ ಅಂದ್ರೆ ತುಂಬಾ ಇಷ್ಟ. ಆದರೆ ಅಪ್ಪ, "ಬಿಬಿಎ ಸೇರು, ಎಚ್.ಆರ್. (ಕಂಪನಿಯ ನೌಕರರ ವಿಷಯ ನೋಡಿಕೊಳ್ಳುವ ಕೆಲಸ) ಮಾಡು, ಗಿಣಿಗೇರಿಯಲ್ಲೋ ತೋರಣಗಲ್ಲಿನಲ್ಲೋ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತೆ" ಅಂತಾರೆ. ನಾಲ್ಕು ವರ್ಷದ ಆನರ್ಸ್ ಪದವಿ, ಅದರಲ್ಲಿ ಸಂಶೋಧನೆ ಅಂತಲೂ ಕೇಳಿದ್ದೇನೆ. ಅದು ಇಲ್ಲಿ ಸಿಗುತ್ತಾ? ನಾನು ಯಾವುದು ತಗೊಳ್ಳಲಿ?

ಉತ್ತರ: ಇತಿಹಾಸ ತಗೊಳ್ಳಿ, ತಂಗಿ. ಅಪ್ಪನ ಚಿಂತೆಯೂ ಸರಿಯಾದದ್ದೇ, ಅದಕ್ಕೆ ಉತ್ತರ ಇದೆ. ಎಂಬಿಎ ಸೇರಲು ಇಂಥದ್ದೇ ಪದವಿ ಬೇಕು ಅಂತಿಲ್ಲ. ಬಿ.ಎ. ಇತಿಹಾಸದಲ್ಲಿ ಶೇ 50 ಅಂಕ ತೆಗೆದು (ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1ರವರಿಗೆ ಶೇ 45 ಸಾಕು), ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸೇರಿಕೊಳ್ಳಬಹುದು. ಎರಡನೇ ವರ್ಷದಲ್ಲಿ ಎಚ್.ಆರ್. ಆರಿಸಿಕೊಂಡರೆ ಆಯ್ತು. ಉಲ್ಟಾ ಹೋಗೋದು ಕಷ್ಟ. ಬಿಬಿಎ ಮುಗಿಸಿ ಎಂ.ಎ. ಇತಿಹಾಸಕ್ಕೆ ಬಂದರೆ, "ಪದವಿಯಲ್ಲಿ ಇತಿಹಾಸ ಓದಿದ್ದೀರಾ?" ಅಂತ ಹೆಚ್ಚಿನ ಕಡೆ ಕೇಳುತ್ತಾರೆ. ಈ ಮಾತನ್ನು ಅಪ್ಪನ ಹತ್ತಿರ ಕೂತು ನಿಧಾನವಾಗಿ ಹೇಳಿ. ಹಾಗೇ 371ಜೆ ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದದ್ದು) ಈಗಲೇ ಮಾಡಿಸಿಟ್ಟುಕೊಳ್ಳಿ. ಮುಂದೆ ಸೀಟಿಗೂ ಬೇಕು, ಸರ್ಕಾರಿ ನೌಕರಿಗೂ ಬೇಕು.

ಆನರ್ಸ್ ಬಗ್ಗೆ ನಮ್ಮ ಮಕ್ಕಳಿಗೆ ತುಂಬಾ ಗೊಂದಲ ಆಗಿದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಬಂತು. ಹಾಗಾಗಿ ನೀವು ಕೊಪ್ಪಳದ ಕಡೆಯ ಸರ್ಕಾರಿ ಕಾಲೇಜು ಸೇರಿದರೆ ಮೂರು ವರ್ಷ ಬಿ.ಎ., ಆಮೇಲೆ ಎರಡು ವರ್ಷ ಎಂ.ಎ. ನಾಲ್ಕು ವರ್ಷದ್ದೇ ಬೇಕು ಅಂದ್ರೆ ಸಿಯುಇಟಿ (ದೇಶಮಟ್ಟದ ಪ್ರವೇಶ ಪರೀಕ್ಷೆ) ಬರೆದು ಕೇಂದ್ರೀಯ ವಿಶ್ವವಿದ್ಯಾಲಯಗಳ ಕಡೆ ನೋಡಬೇಕು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಮಾಡಿದ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ತೆಗೆದವರಿಗೆ ನಾಲ್ಕನೇ ವರ್ಷ ಸಂಶೋಧನೆ ಮಾಡುವ ಅವಕಾಶ ಇದೆ. 12 ಕ್ರೆಡಿಟ್‌ಗಳ ಪ್ರಬಂಧ ಬರೆಯಬೇಕು.

ಆದರೆ ಸಂಶೋಧನೆ ಮಾಡೋಕೆ ಆನರ್ಸ್‌ಗೇ ಕಾಯಬೇಕಾಗಿಲ್ಲ. ಅದರಲ್ಲೂ ಕುಕನೂರಿನಲ್ಲಿ ಹುಟ್ಟಿದವರು! ಪಕ್ಕದಲ್ಲೇ ಇಟಗಿ ಮಹಾದೇವ ದೇವಾಲಯ ಇದೆ, 1112ರದ್ದು. ಕೊಪ್ಪಳಕ್ಕೆ ಹೋದರೆ ಗವಿಮಠದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಅಶೋಕನ ಶಾಸನ ಇದೆ. ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿದ್ದು ಯಾರಿಗೆ ಗೊತ್ತಾ? ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನೋ ಗಣಿ ಎಂಜಿನಿಯರ್‌ಗೆ. ಅಲ್ಲಿವರೆಗೆ ಸಿಕ್ಕಿದ್ದ ಅವನ ಶಾಸನಗಳಲ್ಲಿ "ದೇವಾನಾಂಪ್ರಿಯ" ಅನ್ನೋ ಬಿರುದು ಇತ್ತೇ ಹೊರತು ಅಶೋಕ ಅನ್ನೋ ಹೆಸರು ಇರಲಿಲ್ಲ. ಹೆಸರು ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಬಂಡೆಯ ಮೇಲೆ.

ಇಟಗಿಯ ಬಗ್ಗೆ ತುಂಬಾ ಜನ ಬರೆದಿದ್ದಾರೆ. ನೀವು ಸಣ್ಣದನ್ನು ಹಿಡಿಯಿರಿ. ನಿಮ್ಮ ಓಣಿಯ ಹನುಮಪ್ಪನ ಗುಡಿ ಹತ್ತಿರ ಒಂದು ವೀರಗಲ್ಲು ಇರಬಹುದು. ಅದೊಂದೇ ಸಾಕು. ನಾನು ಎಂ.ಎ. ಓದುವಾಗ ಇಂಥದ್ದೇ ಒಂದು ಕಲ್ಲಿನ ಮುಂದೆ ಮಧ್ಯಾಹ್ನದ ಬಿಸಿಲಲ್ಲಿ ಎರಡು ತಾಸು ಕೂತಿದ್ದೆ. ಒಂದಕ್ಷರವೂ ಕಾಣಲಿಲ್ಲ. ಕಟ್ಟೆ ಮೇಲೆ ಕೂತಿದ್ದ ಅಜ್ಜ ಒಬ್ಬರು "ಸಂಜಿಗೆ ಬರ್ರಿ, ಆವಾಗ ಕಾಣ್ತಾವ" ಅಂದರು. ಹಾಗೇ ಆಯ್ತು. ಹೊತ್ತು ಇಳಿದು ಬಿಸಿಲು ಅಡ್ಡ ಬಿದ್ದಾಗ, ಕೊರೆದ ಗೆರೆಗಳಲ್ಲೆಲ್ಲ ನೆರಳು ತುಂಬಿಕೊಂಡಿತು. "ಸ್ವಸ್ತಿ ಶ್ರೀ" ಅಂತ ಮೊದಲ ಸಾಲು ಎದ್ದು ಬಂತು. ಆವತ್ತಿನಿಂದ ನನ್ನ ಚೀಲದಲ್ಲಿ ಯಾವಾಗಲೂ ಒಂದು ಟಾರ್ಚ್ ಇರುತ್ತೆ. ಕತ್ತಲಾದ ಮೇಲೆ ಕಲ್ಲಿನ ಪಕ್ಕದಿಂದ ಬೆಳಕು ಹಾಯಿಸಿದರೂ ಅಕ್ಷರ ಹೀಗೇ ಕಾಣುತ್ತವೆ. ನೀವೂ ಹಾಗೇ ಮಾಡಿ. ಫೋಟೊ ತೆಗೆಯಿರಿ, ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಸುಣ್ಣ, ಬಣ್ಣ, ಎಣ್ಣೆ ಮಾತ್ರ ಹಚ್ಚಬೇಡಿ. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದವರು ತಂದಿರುವ ಜಿಲ್ಲಾವಾರು ಶಾಸನ ಸಂಪುಟದಲ್ಲಿ ಆ ಕಲ್ಲು ಇದೆಯಾ ಅಂತ ನೋಡಿ. ಇಲ್ಲದಿದ್ದರೆ ನಿಮ್ಮ ಮೇಷ್ಟ್ರಿಗೆ ತಕ್ಷಣ ಹೇಳಿ.

ಎಚ್.ಆರ್. ಕಡೆಗೂ ಮನಸ್ಸಿದ್ದರೆ ದುಡಿಮೆಯ ಇತಿಹಾಸವನ್ನೇ ವಿಷಯ ಮಾಡಿಕೊಳ್ಳಬಹುದು. ರಾಯಚೂರು ಕೋಟೆ ಗೋಡೆಯಲ್ಲಿ 40 ಅಡಿಗೂ ಜಾಸ್ತಿ ಉದ್ದದ ಒಂದು ಕಲ್ಲಿದೆ. ಅದರ ಮೇಲೆ 1294ರ ಶಾಸನ ಇದೆ. ಅದನ್ನು ಬಂಡಿ ಮೇಲೆ ಹೇರಿ, ಸಾಲು ಸಾಲು ಕೋಣಗಳನ್ನು ಕಟ್ಟಿ ಎಳೆದು ತಂದ ಚಿತ್ರವೂ ಅಲ್ಲೇ ಕೊರೆದಿದೆ. ಜನ ಗಾಲಿಗೆ ಸನ್ನೆಗೋಲು ಕೊಟ್ಟು ದೂಡುತ್ತಿದ್ದಾರೆ. ಕೋಟೆ ಕಟ್ಟಿಸಿದ ಪ್ರಭುವಿನ ಹೆಸರು ಶಾಸನದಲ್ಲಿ ಉಳಿಯಿತು, ಕಲ್ಲು ದೂಡಿದವರು ಚಿತ್ರದಲ್ಲಿ ಉಳಿದರು. ಇವತ್ತು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಇದ್ದಾರೆ. ಅವರ ಮಾತನ್ನು ಅವರ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಂಡರೆ ಅದೂ ಗಟ್ಟಿ ಸಂಶೋಧನೆ. ಎದುರಿಗೆ ಕೂತವರ ಮಾತನ್ನು ತಾಳ್ಮೆಯಿಂದ ಕೇಳಿ, ದಾಖಲೆ ಜೊತೆ ತಾಳೆ ನೋಡೋದು ಎಚ್.ಆರ್. ಆಫೀಸಿನಲ್ಲೂ ದಿನಾ ಮಾಡುವ ಕೆಲಸವೇ, ಅಲ್ವಾ?

ಪ್ರಶ್ನೆ: ಮಗ ಬಿ.ಎ. ಇತಿಹಾಸ ಮುಗಿಸಿದ್ದಾನೆ. ಈಗ ಎಚ್.ಆರ್.ಗೆ ಹೋಗ್ತೀನಿ ಅಂತಾನೆ. ಎಂಬಿಎ ಮಾಡಿಸಲಾ, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿಸಲಾ? — ಒಬ್ಬ ತಾಯಿ, ಸಿಂಧನೂರು

ಉತ್ತರ: ಅವನಿಗೆ ಕಾರ್ಮಿಕರ ನಡುವೆ ಓಡಾಡೋದು ಇಷ್ಟವಾ ಅಂತ ಮೊದಲು ಕೇಳಿ, ಅಕ್ಕಾ. ಹೌದು ಅಂದ್ರೆ ಎಂಎಸ್‌ಡಬ್ಲ್ಯು ಒಳ್ಳೆಯದು. ದೊಡ್ಡ ಕಾರ್ಖಾನೆಗಳು ಕಾರ್ಮಿಕ ಕಲ್ಯಾಣ ಅಧಿಕಾರಿಯನ್ನು ಇಟ್ಟುಕೊಳ್ಳಲೇಬೇಕು ಅಂತ ಕಾನೂನಿದೆ. ಆ ಕೆಲಸಕ್ಕೆ ಎಂಎಸ್‌ಡಬ್ಲ್ಯು ಮಾಡಿದವರನ್ನು ಹುಡುಕುತ್ತಾರೆ. ನೇಮಕಾತಿ, ತರಬೇತಿ, ಬೆಂಗಳೂರಿನ ಕಂಪನಿ ಅಂತ ಮನಸ್ಸಿದ್ದರೆ ಎಂಬಿಎ. ಎಂಬಿಎಗೆ ಪಿಜಿಸಿಇಟಿ ಬರೆಯಬೇಕು. ಎಂಎಸ್‌ಡಬ್ಲ್ಯುಗೆ ಆಯಾ ವಿಶ್ವವಿದ್ಯಾಲಯದವರೇ ಅರ್ಜಿ ಕರೆಯುತ್ತಾರೆ.

ಸೀಟು ಸಿಗುವವರೆಗೆ ಸುಮ್ನೆ ಕೂರೋದು ಬೇಡ. ಎಕ್ಸೆಲ್ ಕಲಿಯಲಿ, ಸಂಬಳದ ಚೀಟಿ ಓದೋದು ಕಲಿಯಲಿ. ಉದಾಹರಣೆಗೆ ತಿಂಗಳಿಗೆ 18,000 ರೂಪಾಯಿ ಸಂಬಳ ಅಂತ ಇಟ್ಟುಕೊಳ್ಳಿ. ಇಎಸ್‌ಐಗೆ (ನೌಕರರ ಆರೋಗ್ಯ ವಿಮೆಗೆ) ನೌಕರನ ಸಂಬಳದಿಂದ ಶೇ 0.75, ಅಂದ್ರೆ 135 ರೂಪಾಯಿ ಹಿಡಿಯುತ್ತಾರೆ. ಮಾಲೀಕರು ತಮ್ಮ ಕಡೆಯಿಂದ ಶೇ 3.25, ಅಂದ್ರೆ 585 ರೂಪಾಯಿ ಕಟ್ಟಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಬರುವ ಮೊತ್ತದ ಮೇಲೆ ಪಿಎಫ್ (ಭವಿಷ್ಯ ನಿಧಿ) ಶೇ 12. ಮನೆಯಲ್ಲಿ, ಓಣಿಯಲ್ಲಿ ನೌಕರಿ ಮಾಡುವವರ ಹತ್ತಿರ ಚೀಟಿ ಇಸಕೊಂಡು ಇದನ್ನು ನಾಲ್ಕು ಸಲ ಲೆಕ್ಕ ಹಾಕಿ ನೋಡಲಿ. ಯಾಕೆ ಹಿಡಿದಿದ್ದಾರೆ ಅಂತ ಅವರಿಗೇ ಕನ್ನಡದಲ್ಲಿ ಬಿಡಿಸಿ ಹೇಳೋದು ರೂಢಿ ಮಾಡಿಕೊಳ್ಳಲಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಯಾರಾದರೂ ಅವನ ಟೇಬಲ್ ಮುಂದೆ ನಿಂತು ಇದನ್ನೇ ಕೇಳುತ್ತಾರೆ.